ನೀರಿನ ಪಾಲು

ವೆಂಕಟರಮಣಣ್ಣನವರಿಗೆ,

ಹಿರಿಯರಿಗೆ ಬರೆಯುವಾಗ ‘ತೀರ್ಥರೂಪ ಸಮಾನರಾದ’ ಎಂದು ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಹಾಗೇ ಬರೆದು ನೋಡಿದೆ, ಆಮೇಲೆ ಹೊಡೆದು ಹಾಕಿದೆ. ನೀವು ಕೇಳಿಸಿಕೊಂಡಿದ್ದರೆ, “ಇದೇನ್ ಕಂಪ್ಯೂಟ್ರಮ್ಮಾ, ನನ್ನ ತಕ್ಕೊಂಡೋಗಿ ಗುಡೀಲಿ ಕೂರಿಸ್ತೀಯಾ?” ಎಂದು ನಗುತ್ತಿದ್ದಿರಿ. ನೀವು ತೀರಿಕೊಂಡು ಮೂರು ತಿಂಗಳಾಯಿತು. ತೀರಿಕೊಂಡವರಿಗೆ ಪತ್ರ ಬರೆಯುವ ಪೈಕಿ ನಾನಲ್ಲ. ಬದುಕಿರುವವರ ಮೆಸೇಜಿಗೇ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸುವವಳು ನಾನು, ನಿಮಗೇ ಗೊತ್ತು. ಆದರೆ ನಿನ್ನೆ ಮಾಕಳಿಗೆ ಹೋಗಿ ನಿಮ್ಮ ಮನೆಯಲ್ಲಿ, ನಿಮ್ಮ ಹೆಂಡತಿ ಅಮ್ಮಣ್ಣಕ್ಕನ ಎದುರು ಒಂದು ಮಾತು ಹೇಳಿ ಬಂದೆ. ಆ ಮಾತು ಮೊದಲು ನಿಮ್ಮ ಕಿವಿಗೆ ಬೀಳಬೇಕಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿಗೆ ನಾನು ಕೆಲಸಕ್ಕೆ ಬಂದ ದಿನ ನೀವು ನನ್ನ ಜೊತೆ ಮಾತೇ ಆಡಲಿಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ಕಂಪ್ಯೂಟರಿನಲ್ಲಿ ಷರ್ಟಿನ ಪ್ಯಾಟರ್ನ್ ಬಿಡಿಸಿದವಳು ಎಂದು ಮಾಲೀಕರಾದ ವೀರೇಶ್ ಸಾರ್ ಪರಿಚಯ ಮಾಡಿಕೊಟ್ಟರು. “ಷರ್ಟಾ?” ಎಂದಷ್ಟೇ ಕೇಳಿ ನೀವು ದಬ್ಬಳಕ್ಕೆ ದಾರ ಪೋಣಿಸಲು ಕೂತಿರಿ. ಆ ವಾರವಷ್ಟೇ ಬಂದಿದ್ದ ಕಟಿಂಗ್ ಟೇಬಲ್ಲಿನ ಸುತ್ತ ಮಧ್ಯಾಹ್ನ ಒಂದು ಸುತ್ತು ಹಾಕಿದಿರಿ. ಹದಿನೆಂಟು ಅಡಿ ಉದ್ದದ ಮೇಜು, ಅದರ ಮೇಲೆ ತಾನೇ ಓಡಾಡುವ ಚೂರಿ, ಬಟ್ಟೆ ಅಲುಗದ ಹಾಗೆ ಕೆಳಗಿನಿಂದ ಹೀರಿ ಹಿಡಿಯುವ ಗಾಳಿ. ಎಲ್ಲವನ್ನೂ ನೋಡಿ, “ಇದು ಬಟ್ಟೇನ ಮುಟ್ಟಿ ನೋಡ್ತದಾ?” ಎಂದು ಕೇಳಿದಿರಿ. ಇಲ್ಲ ಎಂದೆ. “ಮುಟ್ದೇನೇ ಕತ್ತರಿಸ್ತದಾ?” ಎಂದು ಹೊರಟೇಹೋದಿರಿ. ಎಂಥ ಕೊಬ್ಬು ಈ ಮುದುಕನಿಗೆ ಎಂದು ಆವತ್ತು ಮನೆಗೆ ಹೋಗುವವರೆಗೂ ಬೈದುಕೊಂಡೆ.

ನಿಮ್ಮ ಕೊಬ್ಬಿಗೆ ಕಾರಣ ಇತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಸರ್ಕಸ್ ಡೇರೆಗೆ ತೇಪೆ ಹಾಕಲು ಹೋಗಿ ಕ್ಯಾನ್ವಾಸಿನ ಕೆಲಸ ಕಲಿತವರು ನೀವು. ಲಾರಿ ಟಾರ್ಪಾಲು, ಯಂತ್ರಗಳ ಹೊದಿಕೆ, ರೆಸಾರ್ಟಿನ ಡೇರೆ, ಹೋಟೆಲಿನ ಮುಂದಿನ ಚಪ್ಪರ, ಯಾವುದಕ್ಕೂ ನೀವು ಕಾಗದ ಹಿಡಿದವರಲ್ಲ. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಪೂರ್ತಿ ಗಾತ್ರದಲ್ಲೇ ಬಿಡಿಸುತ್ತಿದ್ದಿರಿ. ಚಪ್ಪರದ ಅಂಚಿನ ಬಾಗು ಬೇಕಾದಾಗ ಸೆಣಬಿನ ಹಗ್ಗವನ್ನು ಎರಡು ಮೊಳೆಗಳ ನಡುವೆ ಜೋತುಬಿಟ್ಟು, ಅದು ತಾನಾಗಿ ಯಾವ ಬಾಗಿಗೆ ನಿಲ್ಲುತ್ತದೋ ಅದನ್ನೇ ನೆಲಕ್ಕೆ ಇಳಿಸುತ್ತಿದ್ದಿರಿ. ನನ್ನ ಕಂಪ್ಯೂಟರ್ ಬಿಡಿಸಿದ ಬಾಗಿನಲ್ಲಿ ಮೊದಲ ಎರಡು ಚಪ್ಪರ ಹೊಲಿದು ಕಟ್ಟಿದಾಗ ನಡುವೆ ಹೊಟ್ಟೆ ಬಿಟ್ಟುಕೊಂಡವು. ನೀವು ಮೊಳೆಗೆ ಹಗ್ಗ ಕಟ್ಟಿ, “ಬಾ ಇಲ್ಲಿ” ಎಂದು ನನ್ನನ್ನು ನೆಲದ ಮೇಲೆ ಕೂರಿಸಿಕೊಂಡಿರಿ.

ಅಲ್ಲಿಂದ ನಮ್ಮಿಬ್ಬರ ಕೆಲಸ ಒಂದಾಯಿತು. ನೀವು ನೆಲದ ಮೇಲೆ ಅರ್ಧ ಚಪ್ಪರ ಬಿಡಿಸಿದರೆ ಸಾಕು, ನಾನು ಏಣಿ ಹತ್ತಿ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುತ್ತಿದ್ದೆ. ಉಳಿದರ್ಧವನ್ನು ಅದೇ ಮಗುಚಿ ಬಿಡಿಸಿಕೊಂಡು, ಹೊಲಿಗೆಗೆ ಅಂಚು ಬಿಟ್ಟು, ಚೂರಿಗೆ ದಾರಿ ತೋರಿಸುತ್ತಿತ್ತು. ಕತ್ತರಿಸಿದ ತುಂಡುಗಳನ್ನು ಶ್ಯಾಮಲಾ ಮಿಷಿನ್ನಿನಲ್ಲಿ ಹೊಲಿದರೆ, ಮೂಲೆಗಳು ಮಾತ್ರ ನಿಮ್ಮ ಕೈಯವು. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಮೇಣ ಸವರಿದ ದಾರದಲ್ಲಿ ಹಿತ್ತಾಳೆ ರಿಂಗುಗಳನ್ನು ಕೂರಿಸುತ್ತಿದ್ದಿರಿ. ಮೊದಲು ಹನ್ನೆರಡು ದಿನ ಹಿಡಿಯುತ್ತಿದ್ದ ಕೆಲಸ ನಾಲ್ಕು ದಿನಕ್ಕೆ ಮುಗಿಯುತ್ತಿತ್ತು. ವೈಟ್‌ಫೀಲ್ಡಿನ ದೊಡ್ಡ ದೊಡ್ಡ ಕಂಪನಿಗಳವರು ಹುಡುಕಿಕೊಂಡು ಬಂದರು. ವೀರೇಶ್ ಸಾರ್ ಅವರಿಗೆ ಟೇಬಲ್ ತೋರಿಸುತ್ತಿದ್ದರು, ನೀವು ನನಗೆ ಕಣ್ಣು ಹೊಡೆದು ಹಗ್ಗ ಎತ್ತಿ ತೋರಿಸುತ್ತಿದ್ದಿರಿ.

ನೀರಿನ ಪಾಲನ್ನು ನನಗೆ ಕಲಿಸಿದ್ದೂ ನೀವೇ. ಒಂದು ಗಜ ಕೋರಾ ಕ್ಯಾನ್ವಾಸನ್ನು ಬಕೆಟ್ಟಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಅಳೆಯಲು ಹೇಳಿದಿರಿ. ಎರಡು ಬೆರಳು ಕಮ್ಮಿ ಬಂತು. “ನೂಲಿನ ಬಟ್ಟೆ ಮೊದಲನೇ ಮಳೇಗೆ ಕುಗ್ತದೆ ಕಣಮ್ಮ. ಗಜಕ್ಕೆ ಎರಡು ಬೆರಳು ನೀರಿಗೆ ಅಂತ ಬಿಡಬೇಕು. ಅದು ನೀರಿನ ಪಾಲು. ನಾವು ಕೊಡ್ದಿದ್ರೆ ಅದೇ ಕಿತ್ಕೊಳ್ತದೆ.” ಯಾರ ಬೆರಳು ಎಂದು ಕೇಳಿದೆ. “ನಂದು, ಇನ್ಯಾರ್ದು!” ಎಂದಿರಿ. ನಿಮ್ಮ ಎರಡು ಬೆರಳ ಮೇಲೆ ಸ್ಕೇಲಿಟ್ಟು ಮೂವತ್ತೇಳು ಮಿಲಿಮೀಟರ್ ಎಂದು ಬರೆದುಕೊಂಡೆ. ಲೆಕ್ಕ ಹಾಕಿದರೆ ಹೆಚ್ಚು ಕಮ್ಮಿ ನೂರಕ್ಕೆ ನಾಲ್ಕು. ಬಟ್ಟೆ ತಯಾರಿಸುವ ಕಂಪನಿಯವರು ಕಳಿಸಿದ ಪಟ್ಟಿಯಲ್ಲೂ ನಾಲ್ಕೇ ಇತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ, ನೀವು ಬೀಡಿ ಸೇದಲು ಹೊರಗೆ ಹೋದಿರಿ.

ಆಮೇಲೆ ಒಂದು ಎಡವಟ್ಟಾಯಿತಲ್ಲ, ಕಾಫಿ ಅಂಗಡಿಯ ಚಪ್ಪರದ್ದು. ನೀವು ಅಭ್ಯಾಸಬಲದಿಂದ ನೀರಿನ ಪಾಲು ಸೇರಿಸಿಯೇ ಗೆರೆ ಎಳೆದಿದ್ದಿರಿ, ನಾನು ಕಂಪ್ಯೂಟರಿನಲ್ಲೂ ನಾಲ್ಕು ಸೇರಿಸಿದೆ. ಚಪ್ಪರ ಜೋಲುಬಿದ್ದು ಗಿರಾಕಿಗಳ ತಲೆಗೆ ತಾಗುತ್ತಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆವತ್ತು ನಾವು ಒಂದು ಗುರುತು ಮಾಡಿಕೊಂಡೆವು. ನೀವೇ ಪಾಲು ಸೇರಿಸಿ ಬಿಡಿಸಿದ್ದರೆ ನೆಲದ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಅಲೆ ಎಳೆಯಬೇಕು, ಅಲೆ ಕಂಡರೆ ನಾನು ಕಂಪ್ಯೂಟರಿನಲ್ಲಿ ಸೊನ್ನೆ ಇಡಬೇಕು. ಅಲೆ ಇಲ್ಲದಿದ್ದರೆ ಪಾಲು ಹಾಕುವುದು ಕಂಪ್ಯೂಟರಿನ ಜವಾಬ್ದಾರಿ, ಅಂದರೆ ನನ್ನದು. ಇದು ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಬರುಬರುತ್ತಾ ನೀವು ಅಲೆ ಎಳೆಯುವುದು ಅಪರೂಪವಾಯಿತು. “ನೀರಿನ ಪಾಲು ನಿಂಗೇ ಬಿಟ್ಟೆ ಕಣಮ್ಮ” ಎಂದು ಒಂದು ದಿನ ಊಟದ ಹೊತ್ತಿಗೆ ಹೇಳಿದಿರಿ. ನಲವತ್ತು ವರ್ಷ ಇಟ್ಟುಕೊಂಡಿದ್ದನ್ನು ಬಿಟ್ಟುಕೊಡುತ್ತಿದ್ದೀರಿ ಎಂದು ನನಗೆ ಹೊಳೆಯಲಿಲ್ಲ. ಖುಷಿಯಾಗಿ ಡಬ್ಬಿಯಲ್ಲಿದ್ದ ಎರಡನೇ ಹೋಳಿಗೆಯನ್ನೂ ತಿಂದೆ.

ಹೋದ ಜೂನಿನ ವಿಷಯಕ್ಕೆ ಬರುತ್ತೇನೆ. ಬರಲೇಬೇಕು.

ವೈಟ್‌ಫೀಲ್ಡಿನ ಆ ಕಂಪನಿಯ ಅಂಗಳಕ್ಕೆ ನಲವತ್ತು ಅಡಿಯ ಬಿಳಿ ಚಪ್ಪರ. ಅಪ್ಪಟ ನೂಲಿನ ಕ್ಯಾನ್ವಾಸೇ ಬೇಕೆಂದು ಕೇಳಿದ್ದರು. ನೀವು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಂಡಿಯೂರಿ ಬಿಡಿಸಿದಿರಿ. ನಾನು ಫೋಟೋ ತೆಗೆದೆ, ಎಂದಿನಂತೆ ನೆಲ ಒರೆಸಿದರು. ಅದರ ಹಿಂದಿನ ವಾರವೆಲ್ಲ ಬೊಮ್ಮಸಂದ್ರದ ಔಷಧಿ ಕಾರ್ಖಾನೆಗೆ ಪ್ಲಾಸ್ಟಿಕ್ ಲೇಪನದ ಹೊದಿಕೆಗಳನ್ನು ಕತ್ತರಿಸಿದ್ದೆ. ಆ ಬಟ್ಟೆ ನೀರು ಕುಡಿಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದಕ್ಕಾಗಿ ಕಂಪ್ಯೂಟರಿನಲ್ಲಿ ಸೊನ್ನೆ ಇಟ್ಟಿದ್ದೆ. ಅದನ್ನು ನಾಲ್ಕಕ್ಕೆ ಬದಲಾಯಿಸದೆ ಚೂರಿ ಓಡಿಸಿದೆ. ಇಷ್ಟೇ ನಡೆದದ್ದು.

ಕತ್ತರಿಸಿದ ತುಂಡುಗಳ ಮೇಲೆ ಕೈಯಾಡಿಸಿ ನೀವು ಹೇಳಿದಿರಿ, “ಯಾಕೋ ಬಿಗಿ ಅನ್ನಿಸ್ತದೆ ಮಗಾ.” ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಕಂಪ್ಯೂಟ್ರು ಲೆಕ್ಕ ಹಾಕಿದೆ ಅಣ್ಣ, ಬಿಡಿ” ಎಂದೆ. ನೀವು ಬಿಟ್ಟಿರಿ.

ಕಟ್ಟಿದ ಮೂರನೇ ದಿನ ಮಳೆ ಬಂತು. ನೆಂದ ಬಟ್ಟೆ ನಾಲ್ಕೂ ಕಡೆಯಿಂದ ಎಳೆದು, ಒಂದು ಮೂಲೆ ರಿಂಗಿನ ಸಮೇತ ಕಿತ್ತುಬಂತು. ಕಂಬ ಬಾಗಿ ಗಾಜಿನ ಬಾಗಿಲಿನ ಮೇಲೆ ಬಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಮಾರನೇ ಬೆಳಿಗ್ಗೆ ವೀರೇಶ್ ಸಾರ್ ನಮ್ಮೆಲ್ಲರನ್ನೂ ಟೇಬಲ್ ಪಕ್ಕ ನಿಲ್ಲಿಸಿ, “ನೀರಿನ ಪಾಲು ಹಾಕೋಕೆ ಮರೆತಿದ್ದು ಯಾರು?” ಎಂದು ಕೇಳಿದರು. ನನ್ನ ಬಾಯಿಂದ ಬಂದ ಮಾತು, “ಅಲೆ ಗುರುತು ಇತ್ತು ಸಾರ್. ಅದಕ್ಕೇ ನಾನು ಸೊನ್ನೆ ಇಟ್ಟೆ.”

ಅಣ್ಣ, ಆ ಕ್ಷಣದಲ್ಲಿ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ. ಸೊನ್ನೆ ಇತ್ತು, ಹಾಗಾದರೆ ಅಲೆ ಇದ್ದಿರಬೇಕು ಎಂದು ತಲೆ ತಾನಾಗಿಯೇ ಹೊಂದಿಸಿಕೊಂಡಿತು. ನೀವು ಪ್ರತಿ ಮಾತಾಡುತ್ತೀರಿ ಎಂದುಕೊಂಡೆ. ರೇಗುತ್ತೀರಿ, ನನ್ನನ್ನೂ ಟೇಬಲ್ಲನ್ನೂ ಸೇರಿಸಿ ಬೈಯುತ್ತೀರಿ, ಆಗ ಫೋಟೋ ತೆರೆದು ನೋಡಿದರಾಯಿತು ಎಂದುಕೊಂಡೆ. ನೀವು ನನ್ನ ಮುಖವನ್ನೇ ನೋಡಿದಿರಿ. ಆಮೇಲೆ ನಿಮ್ಮ ಕೈ ನೋಡಿಕೊಂಡಿರಿ. “ಅಲೆ ಎಳೆದಿದ್ದು ನಂಗೆ ಗ್ಯಾನ ಇಲ್ಲ ಸಾರ್. ಆದ್ರೆ ಅವಳು ನೋಡವ್ಳೆ ಅಂದ್ಮೇಲೆ ಇದ್ದಿರ್ತದೆ. ಗುರುತು ಆಕಿ ಅಳತೆ ಮರ್ತಿದೀನಿ” ಎಂದಿರಿ. ಫೋಟೋ ನೋಡೋಣ ಎಂದು ಬೇರೆ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ನನ್ನ ಮಾತಿಗೆ ನೀವೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ನೋಡುವುದು?

ವೀರೇಶ್ ಸಾರ್ ಕೆಟ್ಟವರಲ್ಲ. ನಿಮ್ಮನ್ನು ತೆಗೆಯಲಿಲ್ಲ, ಸ್ವಲ್ಪ ದಿನ ಮನೆಯಲ್ಲಿರಿ ಎಂದರು. ನಾಲ್ಕು ಮನೆ ಬಾಡಿಗೆಗೆ ಕೊಟ್ಟವರು ನೀವು, ಊಟಕ್ಕೆ ಕೊರತೆ ಇರಲಿಲ್ಲ. ಕೂತು ತಿನ್ನಿ ಎಂದು ಎಲ್ಲರೂ ಹೇಳಿದರು. ನೀವು ಆವತ್ತು ಸಂಜೆಯವರೆಗೂ ಕೆಲಸ ಮಾಡಿ, ಕೈ ತೊಳೆದು, ಮಾಕಳಿ ಬಸ್ಸು ಹತ್ತಿದಿರಿ.

ಮೂರನೇ ದಿನ ಅದೇ ಚಪ್ಪರವನ್ನು ಹೊಸದಾಗಿ ಕತ್ತರಿಸಬೇಕಾಗಿ ಬಂತು. ಫೋಟೋ ತೆರೆದೆ. ಮೂಲೆಯಲ್ಲಿ ಅಲೆ ಇರಲಿಲ್ಲ. ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿದೆ. ಸಿಮೆಂಟಿನ ಬಿರುಕು ಕಂಡಿತು, ನಿಮ್ಮ ಮಂಡಿಯ ಗುರುತು ಕಂಡಿತು, ಅಲೆ ಕಾಣಲಿಲ್ಲ. ಬಟ್ಟೆಯ ಹೆಸರಿನ ಜಾಗದಲ್ಲಿ ಇನ್ನೂ ಬೊಮ್ಮಸಂದ್ರದ ಪ್ಲಾಸ್ಟಿಕ್ ಹೊದಿಕೆಯ ಹೆಸರೇ ಇತ್ತು.  ಸೊನ್ನೆ ಅಳಿಸಿ ನಾಲ್ಕು ಬರೆದೆ, ಚೂರಿ ಓಡಿಸಿದೆ, ಯಾರಿಗೂ ಏನೂ ಹೇಳಲಿಲ್ಲ. ನೀವೇ ಬಿಡಿಸಿದ್ದ ಗೆರೆಗಳಿಂದ ಹುಟ್ಟಿದ ಆ ಚಪ್ಪರ ಇವತ್ತಿಗೂ ಅಲುಗದೆ ನಿಂತಿದೆ. ಮುದುಕಪ್ಪ ಇಲ್ಲದಿದ್ದರೆ ಎಲ್ಲ ಸರಿಯಾಗಿ ಆಗುತ್ತದೆ ಎಂದು ಶೆಡ್ಡಿನಲ್ಲಿ ಯಾರೋ ಅಂದರು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಆ ಭಾನುವಾರ ನಿಮ್ಮ ಮನೆಗೆ ಬಂದದ್ದು ನಿಜ ಹೇಳುವುದಕ್ಕೇ. ನಂಬುತ್ತೀರೋ ಇಲ್ಲವೋ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೇ ಬಂದಿದ್ದೆ. ಅಮ್ಮಣ್ಣಕ್ಕ ಕಾಫಿ ಕೊಟ್ಟು ನಿಮ್ಮ ಪಕ್ಕ ಕೂತರು. ನಾನು ಬಾಯಿ ತೆರೆಯುವ ಮೊದಲೇ ನೀವು ಶುರು ಮಾಡಿದಿರಿ. “ಆವತ್ತು ಬಿಗಿ ಅನ್ನಿಸ್ತದೆ ಅಂತ ನಿನ್ ಮೇಲೆ ಅನುಮಾನ ಪಟ್ಟೆ ಕಣಮ್ಮ. ತಪ್ಪು ನಂದೇ ಆಗಿತ್ತು. ಮನ್ಸಲ್ಲಿ ಇಟ್ಕೋಬೇಡ.” ನೀವು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಿರಿ. ಆಮೇಲೆ ಎರಡೂ ಅಂಗೈ ಮೇಲೆ ಮಾಡಿ ಕೇಳಿದಿರಿ, “ನಿಜ ಯೋಳು, ನನ್ ಕೈ ಓಯ್ತಾ?”

ನಾನೇನು ಹೇಳಿದೆ, ನೆನಪಿದೆಯಾ? “ವಯಸ್ಸಾಯ್ತಲ್ಲ ಅಣ್ಣ, ಆಗುತ್ತೆ.”

ಕೆಲಸ ಹೋದೀತು ಎಂಬ ಭಯಕ್ಕೆ ಹಾಗಂದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ವೀರೇಶ್ ಸಾರ್ ನಾಲ್ಕು ಮಾತು ಬೈದು ಮರೆಯುತ್ತಿದ್ದರು. ನನಗಿದ್ದದ್ದು ಜಂಭ. ಮೊದಲ ದಿನ ನೀವು “ಮುಟ್ದೇನೇ ಕತ್ತರಿಸ್ತದಾ” ಎಂದಿದ್ದಿರಲ್ಲ, ಅದಕ್ಕೆ ಆರು ವರ್ಷ ಕಷ್ಟಪಟ್ಟು ಉತ್ತರ ಕೊಟ್ಟಿದ್ದೆ. ಆ ಉತ್ತರ ತಪ್ಪು ಎಂದು ಒಪ್ಪಿಕೊಳ್ಳಲು ಆಗಲಿಲ್ಲ. ನೀವಾದರೋ ಒಂದೇ ಒಂದು ಸಲ ಗೊಣಗದೆ ನಿಮ್ಮ ನಲವತ್ತು ವರ್ಷವನ್ನೇ ತಪ್ಪೆಂದು ಒಪ್ಪಿಕೊಂಡಿರಿ.

ಆಯುಧಪೂಜೆಗೆ ಬರುತ್ತೀರಿ, ಆಗ ಹೇಳುತ್ತೇನೆ ಎಂದುಕೊಂಡೆ. ಪ್ರತಿ ವರ್ಷ ನೀವೇ ತಾನೆ ಟೇಬಲ್ಲಿಗೂ ದಬ್ಬಳಕ್ಕೂ ಕುಂಕುಮ ಇಡುತ್ತಿದ್ದವರು. ಫೋನ್ ಮಾಡಿದೆ. “ಕೈ ಕೆಟ್ಟೋನು ಆಯ್ದ ಮುಟ್ಟಬಾರ್ದು ಕಣಮ್ಮ, ನೀನೇ ಇಡು” ಎಂದಿರಿ. ಆಗಲಾದರೂ ಫೋನಿನಲ್ಲೇ ಹೇಳಿಬಿಡಬಹುದಿತ್ತು. ಅಂತಹ ಮಾತನ್ನು ಎದುರು ಕೂತೇ ಹೇಳಬೇಕು ಎಂದು ನನಗೆ ನಾನೇ ಒಂದು ಮರ್ಯಾದಸ್ಥ ನೆಪ ಕೊಟ್ಟುಕೊಂಡೆ. ಸಂಕ್ರಾಂತಿಯ ವಾರ ನೀವು ಬೆಳಿಗ್ಗೆ ಹಲ್ಲುಜ್ಜುತ್ತಾ ಕುಸಿದಿರಂತೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋಗಿಬಿಟ್ಟಿರಂತೆ. ಮಣ್ಣಿಗೆ ಬಂದಿದ್ದೆ, ಹಿಂದೆ ನಿಂತಿದ್ದೆ. ಎಲ್ಲರ ಹಾಗೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಹೋದ ವಾರ ಹೊಸ ಗಿರಾಕಿಯೊಬ್ಬರಿಗೆ ವೀರೇಶ್ ಸಾರ್ ಟೇಬಲ್ ತೋರಿಸುತ್ತಿದ್ದರು. “ಮುಂಚೆ ಒಬ್ರು ಮೇಸ್ತ್ರಿ ಇದ್ರು ಸಾರ್, ಒಳ್ಳೇವ್ರೇ, ಕೊನೆಕೊನೆಗೆ ಅಳತೆ ತಪ್ಪಿಸ್ತಿದ್ರು. ಈಗ ಎಲ್ಲ ಮಿಷಿನ್ನೇ, ಮಿಸ್ಟೇಕೇ ಇಲ್ಲ” ಎಂದರು. ನಾನು ಕೂತಲ್ಲಿಂದ ಎದ್ದೆ. ಗಿರಾಕಿಯ ಎದುರೇ ಫೋಟೋ ತೆರೆದು ತೋರಿಸಿ, ತಪ್ಪು ಅವರದಲ್ಲ, ನನ್ನದು ಎಂದೆ. ಶೆಡ್ಡಿನಲ್ಲಿ ಮಿಷಿನ್ನುಗಳು ಒಂದೊಂದಾಗಿ ನಿಂತವು. ವೀರೇಶ್ ಸಾರ್ ಪರದೆ ನೋಡಿ, “ಆಗಿದ್ದು ಆಯ್ತು ಬಿಡಿ, ಈಗ್ಯಾಕೆ” ಎಂದರು.  ಆವತ್ತಿನಿಂದ ಶ್ಯಾಮಲಾ ಊಟಕ್ಕೆ ನನ್ನ ಪಕ್ಕ ಕೂರುತ್ತಿಲ್ಲ.

ನಿನ್ನೆ ನಾನು ಹೋದಾಗ ಅಮ್ಮಣ್ಣಕ್ಕ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ.  ಅತ್ತರೆ ಕಾಲು ಹಿಡಿಯೋಣ, ಹೊಡೆದರೆ ಹೊಡೆಸಿಕೊಳ್ಳೋಣ ಎಂದು ತಯಾರಾಗಿದ್ದೆ. ಅವರು ಹಿಟ್ಟಿನ ಕೈಯಲ್ಲೇ ಎದ್ದು, ನನ್ನನ್ನು ಕೆಳಗೆ ನಡುಮನೆಯ ಬಾಗಿಲ ಹತ್ತಿರ ಕರೆದುಕೊಂಡು ಹೋದರು. ಬಾಗಿಲ ಪಕ್ಕದ ಗೋಡೆಯ ತುಂಬ ಪೆನ್ಸಿಲಿನಲ್ಲಿ ಬರೆದ ಅಂಕಿಗಳು, ಪಕ್ಕದಲ್ಲಿ ತಾರೀಕು. ನಿಮ್ಮ ಕೈಬರಹ.

“ದಿನಾ ಅಳೆಯೋರು ಕಣವ್ವ. ಬೆಳಿಗ್ಗೆ ಒಂದ್ಸಲ ಬರೆಯೋರು, ಸಂಜೆ ಒಂದ್ಸಲ ಬರೆಯೋರು. ಇದೇ ಬಾಗ್ಲು, ಆ ಕಿಟಕಿ, ನನ್ ಸೀರೆ, ಏನ್ ಸಿಕ್ರೆ ಅದು. ಆಮೇಲೆ ನನ್ ಕರೆಯೋರು. ‘ನನ್ ಕಣ್ಣು ನಂಬಕಾಗಲ್ಲ ಅಮ್ಮಣ್ಣಿ, ನೀನೇ ನೋಡು, ಎರಡೂ ಒಂದೇ ಅವಾ’ ಅಂತ ಕೇಳೋರು. ನಂಗೆಲ್ಲಿ ಓದಕ್ ಬತ್ತದೆ? ನೀನೇ ಬಂದು ವಯಸ್ಸಾಯ್ತು ಅಂತ ಯೋಳಿ ಓಗಿದ್ದೆ, ಇವ್ರು ಸುಮ್ಕೆ ಕೂತಿರ್ಲಿ ಅಂತ, ‘ಇಲ್ಲ, ತಪ್ಪಾಗೈತೆ, ಒಂದೇ ಇಲ್ಲ’ ಅಂದ್ಬಿಡ್ತಿದ್ದೆ. ದಿನಾ ಅಂಗೇ ಅಂದೆ.”

ಹಿಟ್ಟು ಮೆತ್ತಿದ ಬೆರಳಿನಿಂದ ಮೇಲಿನ ಸಾಲು ತೋರಿಸಿದರು. ಆಮೇಲೆ, “ಓದು” ಎಂದರು.

ಓದಿದೆ ಅಣ್ಣ. ಮೇಲಿನ ಸಾಲಿನಿಂದ ಶುರು ಮಾಡಿದೆ. ಎಪ್ಪತ್ತೆಂಟು ಕಾಲು, ಎಪ್ಪತ್ತೆಂಟು ಕಾಲು. ನಲವತ್ತೊಂದು, ನಲವತ್ತೊಂದು. ಮೂವತ್ತಾರೂವರೆ, ಮೂವತ್ತಾರೂವರೆ. ಪ್ರತಿಯೊಂದು ಜೋಡಿಯೂ ಒಂದೇ. ಜುಲೈ ಮುಗಿದು ಆಗಸ್ಟ್, ಆಗಸ್ಟ್ ಮುಗಿದು ದಸರಾ, ಎಲ್ಲೂ ಒಂದು ಗೆರೆ ಅತ್ತಿತ್ತ ಇಲ್ಲ. ಅಮ್ಮಣ್ಣಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟರು. ದೀಪಾವಳಿಯ ಹತ್ತಿರ ಬರುವಾಗ ಅವರು, “ಸಾಕು, ನಿಲ್ಲಿಸು” ಎಂದರು. ನಿಲ್ಲಿಸಿದೆ, ಕಣ್ಣು ಮಾತ್ರ ಕೊನೆಯ ಸಾಲಿನವರೆಗೂ ಓಡಿತು, ಅಲ್ಲೂ ಎರಡೂ ಒಂದೇ. “ಇದನ್ನ ಅವ್ರಿಗೆ ಯೋಳ್ಬೇಕಿತ್ತು ನೀನು. ನಂಗ್ಯಾಕ್ ಯೋಳ್ದೆ? ನಾನಿನ್ನು ಈ ಮನೇಲೇ ಇರ್ಬೇಕಲ್ಲವ್ವ” ಎಂದರು.

ನನ್ನ ಎದೆ ಹಗುರಾಗಲಿ ಎಂದು ಹೋಗಿ, ಆ ಭಾರವನ್ನು ಅವರ ಎದೆಯ ಮೇಲೆ ಇಟ್ಟು ಬಂದೆ. ಅದಕ್ಕೂ ನಿಮ್ಮ ಹತ್ತಿರವೇ ಕ್ಷಮೆ ಕೇಳಬೇಕೇನೋ, ಆದರೆ ಕೇಳುವ ಮುಖ ನನಗಿಲ್ಲ. ನಿಮ್ಮ ಕೈ ತಪ್ಪಿರಲಿಲ್ಲ. ಆವತ್ತು ತಪ್ಪಲಿಲ್ಲ, ಕೊನೆಯ ದಿನದವರೆಗೂ ತಪ್ಪಲಿಲ್ಲ. ಇಷ್ಟು ಹೇಳಲು ನನಗೆ ಏಳು ತಿಂಗಳಿತ್ತು, ನಿಮ್ಮ ಮನೆಗೆ ನಲವತ್ತು ನಿಮಿಷದ ಬಸ್ಸಿತ್ತು.

ದೊಡ್ಡವರಿಂದ ಆಶೀರ್ವಾದ ಕೇಳಿ ಪತ್ರ ಮುಗಿಸುವುದು ಪದ್ಧತಿ. ನಾನು ಕೇಳುವುದಿಲ್ಲ. ನೀವಿರುವ ಕಡೆ ನಿಮ್ಮ ಕೈ ಮೇಲೆ ನಿಮಗೆ ಮತ್ತೆ ನಂಬಿಕೆ ಬಂದಿರಲಿ ಅಣ್ಣ.

ನಿಮ್ಮಿಂದ ಕಲಿತು, ನಿಮಗೇ ಹೇಳದೆ ಹೋದವಳು,
ಭುವನೇಶ್ವರಿ